ಡೆಂಗಿ ಟೆಸ್ಟ್‌ನಲ್ಲಿ ಕಿಣ್ವದ ಬದಲು ನ್ಯಾನೋ ಕಣ ಹಾಕಿದರೆ ರಿಪೋರ್ಟ್ ನಂಬಬಹುದಾ?

ನಾನು ದಾವಣಗೆರೆಯಲ್ಲಿ ಲ್ಯಾಬ್ ಟೆಕ್ನಿಷಿಯನ್. ಕಿಣ್ವದಂತೆ ಕೆಲಸ ಮಾಡುವ ಲೋಹದ ಕಣ ಹಾಕಿ, ಹೊಳಪು ಅಳೆದು ಕೊಟ್ಟ ಡೆಂಗಿ ರಿಪೋರ್ಟನ್ನು ನಂಬಬಹುದಾ ಅಂತ ಕೇಳಿದ್ದೀರಿ. ನಂಬಬಹುದು. ಆದರೆ ಪ್ಲೇಟ್ (ಮಾದರಿ ಹಾಕುವ ಸಣ್ಣ ಗುಳಿಗಳ ತಟ್ಟೆ) ಚೆನ್ನಾಗಿ ತೊಳೆದಿರಬೇಕು.

ಜ್ವರದ ಮೊದಲ ದಿನಗಳಲ್ಲಿ ರಕ್ತದಲ್ಲಿ ವೈರಸ್ಸಿನ ಎನ್‌ಎಸ್‌1 ಎಂಬ ಪ್ರೋಟೀನ್ ಇರುತ್ತದೆ. ಪ್ಲೇಟಿನ ತಳದಲ್ಲಿರುವ ಪ್ರತಿಕಾಯ ಅದನ್ನು ಹಿಡಿಯುತ್ತದೆ. ಮೇಲಿಂದ ಇನ್ನೊಂದು ಪ್ರತಿಕಾಯ ಬಂದು ಕೂರುತ್ತದೆ. ಅದಕ್ಕೆ ಕಿಣ್ವ ಕಟ್ಟಿರುತ್ತಾರೆ. ಹಿಡಿಯುವುದು ಪ್ರತಿಕಾಯ, ಬಣ್ಣ ಬರಿಸಿ ಡಂಗುರ ಸಾರುವುದು ಕಿಣ್ವ. ಕಣ ಬದಲಿಸುವುದು ಡಂಗುರದವನನ್ನು ಮಾತ್ರ.

ಯಾಕೆ ಬದಲಿಸಬೇಕು? ಎಲಿಸಾ (ಹೀಗೆ ಪ್ರತಿಕಾಯದಿಂದ ಹಿಡಿದು ಪತ್ತೆ ಮಾಡುವ ಟೆಸ್ಟ್) ಕಿಟ್‌ಗಳಲ್ಲಿ ಹೆಚ್ಚಾಗಿ ಬಳಸುವ ಕಿಣ್ವ ಬರುವುದು ಹಾರ್ಸ್‌ರಾಡಿಶ್ ಎಂಬ ಗಿಡದ ಬೇರಿನಿಂದ, ಅದು ನಮ್ಮ ಮೂಲಂಗಿಯ ನೆಂಟ. ಕಿಟ್ಟನ್ನು 2ರಿಂದ 8 ಡಿಗ್ರಿಯಲ್ಲಿ ಇಡಬೇಕು. ಒಮ್ಮೆ ಏಪ್ರಿಲ್‌ನಲ್ಲಿ ರಾತ್ರಿಯೆಲ್ಲಾ ಕರೆಂಟ್ ಇರಲಿಲ್ಲ. ಬೆಳಿಗ್ಗೆ ಪಾಸಿಟಿವ್ ಕಂಟ್ರೋಲೇ, ಅಂದರೆ ಎನ್‌ಎಸ್‌1 ಇದೆ ಅಂತ ಗೊತ್ತಿರುವ ಮಾದರಿಯೇ, ಮಂಕಾಗಿ ಬಂತು. ಇಡೀ ಪ್ಲೇಟ್ ಬಿಸಾಡಿದೆವು. ಬಾಗಿಲಲ್ಲಿ ಕಾಯುತ್ತಿದ್ದ ತಾಯಿಗೆ "ನಾಳೆ ಬನ್ನಿ ಅಮ್ಮ" ಅಂದದ್ದು ಇವತ್ತಿಗೂ ಚುಚ್ಚುತ್ತದೆ. ಕಬ್ಬಿಣದ ಆಕ್ಸೈಡ್ ಕಣಗಳೂ ಇದೇ ಕಿಣ್ವದ ಕೆಲಸ ಮಾಡುತ್ತವೆ ಎಂದು ಚೀನಾದ ವಿಜ್ಞಾನಿಗಳು 2007ರಲ್ಲಿ ತೋರಿಸಿದರು. ಅವು ಸೆಕೆಗೆ ಅಷ್ಟು ಸುಲಭವಾಗಿ ಸೋಲುವುದಿಲ್ಲ. ನಮ್ಮಂಥ ಊರಿಗೆ ಇದು ಸಣ್ಣ ವಿಷಯವಲ್ಲ.

ಇನ್ನು ಹೊಳಪು. ಹೈಡ್ರೋಜನ್ ಪೆರಾಕ್ಸೈಡ್ ಜೊತೆ ಆಂಪ್ಲೆಕ್ಸ್ ರೆಡ್ ಎಂಬ ರಾಸಾಯನಿಕ ಹಾಕಿದರೆ, ಕಣ ಅದನ್ನು ಹೊಳೆಯುವ ರೆಸೊರೂಫಿನ್ ಮಾಡುತ್ತದೆ. ಬಣ್ಣ ಅಳೆಯುವಾಗ ತುಂಬಾ ಬೆಳಕಿನಲ್ಲಿ ಚೂರು ಕಡಿಮೆಯಾದದ್ದನ್ನು ಹುಡುಕಬೇಕು. ಇಲ್ಲಿ ಕತ್ತಲಲ್ಲಿ ಬೆಳಕು ಹುಡುಕುತ್ತೀರಿ. ಅಮಾವಾಸ್ಯೆ ರಾತ್ರಿ ಚಿತ್ರದುರ್ಗದ ಕೋಟೆ ಮೇಲೆ ಒಂದು ಬೀಡಿ ಹಚ್ಚಿದರೂ ಕೆಳಗಿನಿಂದ ಕಾಣುತ್ತದೆ, ಅಲ್ವಾ? ಹಾಗೆ. ಪ್ರೋಟೀನ್ ಸ್ವಲ್ಪವೇ ಇದ್ದರೂ ಸಿಗುವ ಸಾಧ್ಯತೆ ಜಾಸ್ತಿ.

ತೊಂದರೆ ಇರುವುದೂ ಇಲ್ಲೇ. ಈ ಕಣಗಳಿಗೆ ಸಿಕ್ಕಸಿಕ್ಕಲ್ಲಿ ಅಂಟಿಕೊಳ್ಳುವ ಗುಣವಿದೆ. ಸರಿಯಾಗಿ ತೊಳೆಯದಿದ್ದರೆ ಎನ್‌ಎಸ್‌1 ಇಲ್ಲದ ವೆಲ್ (ಪ್ಲೇಟಿನ ಗುಳಿ) ಕೂಡ ಹೊಳೆಯುತ್ತದೆ. ಅಂಟದಿರಲಿ ಎಂದು ಮೇಲೆ ದಪ್ಪ ಹೊದಿಕೆ ಹಾಕಿದರೆ ಕಣದ ಕೆಲಸವೇ ಕುಗ್ಗುತ್ತದೆ. ಇನ್ನೊಂದು, ಕಬ್ಬಿಣದ ಕಣಕ್ಕೆ ಹುಳಿ ದ್ರಾವಣ ಬೇಕು, ಪ್ರತಿಕಾಯಕ್ಕೆ ಅದು ಆಗದು. ಅದಕ್ಕೇ ಮೊದಲು ಹಿಡಿಸಿ, ತೊಳೆದು, ಆಮೇಲೆ ಹುಳಿ ಹಾಕುತ್ತಾರೆ.

ಹಾಗಾಗಿ ಲ್ಯಾಬ್‌ನಲ್ಲಿ ನೆಗೆಟಿವ್ ಕಂಟ್ರೋಲ್ (ಎನ್‌ಎಸ್‌1 ಇಲ್ಲ ಅಂತ ಗೊತ್ತಿರುವ ಮಾದರಿ) ಎಷ್ಟು ಬಂತು ಅಂತ ಕೇಳಿ. ಕೇಳಲು ಸಂಕೋಚ ಬೇಡ. ಅದೇ ಹೊಳೆದಿದ್ದರೆ ಟೆಸ್ಟ್ ಮತ್ತೆ ಮಾಡಿಸಿ. ಜ್ವರ ಬಂದು ಐದು ದಿನ ದಾಟಿದ್ದರೆ ಎನ್‌ಎಸ್‌1 ಒಂದೇ ಸಾಲದು, ಐಜಿಎಂ (ಸೋಂಕಿಗೆ ದೇಹವೇ ಮಾಡುವ ಪ್ರತಿಕಾಯ) ಟೆಸ್ಟ್ ಕೂಡ ಮಾಡಿಸಿ.