ಶಾಲೆಯಿಂದ ಡ್ರಗ್ ಟೆಸ್ಟ್ ಒಪ್ಪಿಗೆ ಪತ್ರ ಬಂದಿದೆ, ಸಹಿ ಹಾಕಬಹುದಾ?

ನಿಮ್ಮ ಮಗ ಒಂಬತ್ತನೇ ಕ್ಲಾಸು. ಶಾಲೆಯಲ್ಲಿ ಎಲ್ಲ ಮಕ್ಕಳ ಮೂತ್ರ ತೆಗೆದುಕೊಂಡು ಡ್ರಗ್ ಟೆಸ್ಟ್ ಮಾಡುತ್ತಾರಂತೆ, ಸಹಿ ಹಾಕದಿದ್ದರೆ ಮಗನ ಮೇಲೇ ಅನುಮಾನ ಬರುತ್ತಾ ಅಂತ ಕೇಳಿದ್ದೀರಿ. ಬರಬಹುದು. ಆದರೂ ಆ ಕಾಗದಕ್ಕೆ ಇದ್ದ ಹಾಗೇ ಸಹಿ ಹಾಕಬೇಡಿ. ನಾನು ರಾಜಾಜಿನಗರದ ಒಂದು ಲ್ಯಾಬಿನಲ್ಲಿ ಹದಿಮೂರು ವರ್ಷದಿಂದ ಟೆಕ್ನಿಷಿಯನ್, ಈ ಕಿಟ್‌ಗಳ ಜೊತೆಗೇ ನನ್ನ ದಿನ ಕಳೆಯುವುದು.

ಎರಡು ವರ್ಷದ ಹಿಂದೆ ಒಂದು ಶಾಲೆಯವರು ಗಾಬರಿಯಿಂದ ಫೋನ್ ಮಾಡಿದರು. ಐದು ಬಗೆಯ ಡ್ರಗ್ ಹುಡುಕುವ ಕಿಟ್ ತರಿಸಿ ಪಿಟಿ ಮೇಷ್ಟ್ರ ಕೈಲೇ ಟೆಸ್ಟ್ ಮಾಡಿಸಿದ್ದರು. "ಮೇಡಂ, ಮೊದಲನೇ ಹುಡುಗನಿಗೇ ಐದೂ ಡ್ರಗ್ ಪಾಸಿಟಿವ್!" ಫೋಟೋ ಕಳಿಸಿ ಅಂದೆ. ಐದೂ ಕಡೆ ಎರಡೆರಡು ಗೆರೆ. ಕೋವಿಡ್ ಕಿಟ್‌ನಲ್ಲಿ ಎರಡು ಗೆರೆ ಅಂದರೆ ಪಾಸಿಟಿವ್ ಅಲ್ವಾ? ಇಲ್ಲಿ ಉಲ್ಟಾ. ಡ್ರಗ್ ಇದ್ದರೆ 'ಟಿ' ಅಕ್ಷರದ ಹತ್ತಿರ ಗೆರೆ ಮೂಡುವುದೇ ಇಲ್ಲ. ಮಸುಕಾಗಿ ಮೂಡಿದರೂ ನೆಗೆಟಿವ್ವೇ. ಅಷ್ಟು ಹೊತ್ತಿಗೆ ಹುಡುಗ ಪ್ರಿನ್ಸಿಪಾಲ್ ರೂಮಿನಲ್ಲಿ ಅಳುತ್ತಾ ಕೂತಿದ್ದನಂತೆ, ಪಾಪ.

ಸರಿಯಾಗಿ ಓದಿದರೂ ಫಜೀತಿ ತಪ್ಪುವುದಿಲ್ಲ. ಗಸಗಸೆ ಅಂದರೆ ಅಫೀಮು ಗಿಡದ್ದೇ ಬೀಜ. ಅದಕ್ಕೆ ಅಂಟಿದ ಚೂರುಪಾರು ಮಾರ್ಫಿನ್, ಅಂದರೆ ಅಫೀಮಿನ ಅಂಶ, ಮೂತ್ರದಲ್ಲಿ ಕಾಣಿಸಿಕೊಳ್ಳಬಹುದು. ಅಮೆರಿಕದಲ್ಲಿ ಗಸಗಸೆ ಉದುರಿಸಿದ ಬ್ರೆಡ್ ತಿಂದವರೂ ಸಿಕ್ಕಿಬೀಳುತ್ತಿದ್ದರು. ಅದಕ್ಕೇ ಅಲ್ಲಿನ ಸರ್ಕಾರ 1998ರಲ್ಲಿ ನೌಕರರ ಟೆಸ್ಟಿನಲ್ಲಿ ಇದನ್ನು ಪಾಸಿಟಿವ್ ಅನ್ನುವ ಮಿತಿಯನ್ನು ಮಿಲಿಲೀಟರಿಗೆ 300 ನ್ಯಾನೋಗ್ರಾಂನಿಂದ 2000ಕ್ಕೆ ಏರಿಸಿತು. ಪೇಟೆಯಲ್ಲಿ 300ರ ಕಿಟ್ ಈಗಲೂ ಸಿಗುತ್ತದೆ. ಅವರು ಬ್ರೆಡ್ ಮೇಲೆ ಉದುರಿಸುತ್ತಾರೆ, ನಾವು ರುಬ್ಬಿ ಲೋಟಗಟ್ಟಲೆ ಪಾಯಸ ಕುಡಿಯುವವರು! ಅಫೀಮಿನದೇ ಜಾತಿಯ ಕೋಡೀನ್ ಇರುವ ಕೆಮ್ಮಿನ ಸಿರಪ್ಪಿನದೂ ಇದೇ ಕಥೆ.

ಇನ್ನು ಕಿಟ್ ಹಿಡಿಯದೇ ಇರುವುದು. ಅಪರೂಪಕ್ಕೆ ಗಾಂಜಾ ಸೇದಿದವನು ಮೂರ್ನಾಲ್ಕು ದಿನ ಕಳೆದರೆ ಸಾಮಾನ್ಯವಾಗಿ ಪಾರು, ದಿನಾ ಸೇದುವವನು ತಿಂಗಳಾದರೂ ಸಿಕ್ಕಿಬೀಳಬಹುದು. ವೈಟ್ನರ್, ಪಂಕ್ಚರ್ ಸಲ್ಯೂಷನ್ ಮೂಸುವುದು ಈ ಕಿಟ್‌ಗೆ ಗೊತ್ತೇ ಆಗುವುದಿಲ್ಲ. ಕೇಂದ್ರ ಸರ್ಕಾರದ 2019ರ ಸಮೀಕ್ಷೆಯಲ್ಲಿ ದೊಡ್ಡವರಿಗಿಂತ ಮಕ್ಕಳಲ್ಲೇ ಜಾಸ್ತಿ ಕಂಡ ಚಟ ಅದೊಂದೇ.

ಅಮೆರಿಕದಲ್ಲಿ ಕೋರ್ಟೇ ಒಪ್ಪಿದೆಯಲ್ಲ ಅಂತ ಶಾಲೆಯವರು ಹೇಳಿದ್ದಾಗಿ ಬರೆದಿದ್ದೀರಿ. 2002ರಲ್ಲಿ ಒಪ್ಪಿದ್ದು ಆಟ, ಸ್ಪರ್ಧೆ, ಕ್ಲಬ್ಬುಗಳಿಗೆ ಸೇರುವ ಮಕ್ಕಳ ವಿಷಯದಲ್ಲಿ, ಶಾಲೆಯ ಎಲ್ಲರಿಗೂ ಅಲ್ಲ. ಅಲ್ಲಿನ ಮಕ್ಕಳ ವೈದ್ಯರ ಸಂಘವೇ 2015ರಲ್ಲಿ ಶಾಲೆಗಳಲ್ಲಿ ಹೀಗೆ ಸುಮ್ನೆ ಎಲ್ಲರನ್ನೂ ಪರೀಕ್ಷಿಸುವುದು ಬೇಡ ಅಂದಿತು.

ಮಗನ ಬಗ್ಗೆ ನಿಮಗೇ ನಿಜವಾದ ಅನುಮಾನ ಇದ್ದರೆ ಶಾಲೆಯ ಟೆಸ್ಟಿಗೆ ಕಾಯಬೇಡಿ. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ಚಟ ಬಿಡಿಸುವುದಕ್ಕೇ ಪ್ರತ್ಯೇಕ ವಿಭಾಗ ಇದೆ. ಹೋಗಲು ಹಿಂಜರಿಕೆ ಆದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ಸಹಿ ಹಾಕಲೇಬೇಕು ಅನ್ನಿಸಿದರೆ, ನಾನಾಗಿದ್ದರೆ ಆ ಕಾಗದದ ಕೆಳಗೆ ಪೆನ್ನಿನಲ್ಲಿ ಹೀಗೆ ಬರೆಯುತ್ತಿದ್ದೆ: "ಟೆಸ್ಟನ್ನು ಲ್ಯಾಬಿನವರೇ ಮಾಡಬೇಕು. ಪಾಸಿಟಿವ್ ಬಂದರೆ ಅದೇ ಸ್ಯಾಂಪಲನ್ನು ಮಾಸ್ ಸ್ಪೆಕ್ಟ್ರೋಮೆಟ್ರಿಯಲ್ಲಿ ಮತ್ತೊಮ್ಮೆ ನೋಡಿಸಬೇಕು, ಯಾವ ಡ್ರಗ್, ಎಷ್ಟಿದೆ ಅಂತ ಅಂಕಿಯಲ್ಲಿ ಕೊಡಬೇಕು. ಅಲ್ಲಿಯವರೆಗೆ ಮಗನನ್ನು ಕ್ಲಾಸಿನಿಂದ ಹೊರಗಿಡಬಾರದು. ರಿಪೋರ್ಟ್ ನನ್ನ ಕೈಗೆ ಮಾತ್ರ." ಮಾಸ್ ಸ್ಪೆಕ್ಟ್ರೋಮೆಟ್ರಿ ಅಂದರೆ ಯಾವ ಡ್ರಗ್ ಅಂತ ನಿಖರವಾಗಿ ಹೇಳುವ ಲ್ಯಾಬ್ ಯಂತ್ರದ ಪರೀಕ್ಷೆ. ಮಗ ಕುಡಿಯುತ್ತಿರುವ ಔಷಧಿ ಏನಾದರೂ ಇದ್ದರೆ ಅದರ ಹೆಸರನ್ನೂ ಅಲ್ಲೇ ಬರೆಯಿರಿ. ಕೊಡುವ ಮುಂಚೆ ಒಂದು ಜೆರಾಕ್ಸ್ ಮಾಡಿಸಿಟ್ಟುಕೊಳ್ಳಿ.