ಎಚ್‌ಸಿಎಲ್ (ಹೈಡ್ರೋಜನ್ ಕ್ಲೋರೈಡ್) ಬಂಧದ ಉದ್ದ 1.27 ಆಂಗ್‌ಸ್ಟ್ರಾಮ್ (1 ಆಂಗ್‌ಸ್ಟ್ರಾಮ್ = 10⁻¹⁰ ಮೀಟರ್) ಬರಬೇಕು, ನನಗೆ 0.90 ಬರ್ತಿದೆ. ತಪ್ಪೆಲ್ಲಿ?

1.27 ಅನ್ನು 2ರ ವರ್ಗಮೂಲದಿಂದ ಭಾಗಿಸಿ ನೋಡಿ. 0.90 ಬಂತು ಅಲ್ವಾ? ಅಂದರೆ ನೀವು ಎಲ್ಲೋ ಒಂದು ‘ಎರಡು’ ಬಿಟ್ಟಿದ್ದೀರಿ.

ರೊಟೇಶನಲ್ ಸ್ಪೆಕ್ಟ್ರಮ್‌ನಲ್ಲಿ, ಅಂದರೆ ಅಣು ತಿರುಗುವ ಮಟ್ಟ ಬದಲಿಸುವಾಗ ಹೀರುವ ವಿಕಿರಣದ ಚಿತ್ರದಲ್ಲಿ, ಅಕ್ಕಪಕ್ಕದ ಗೆರೆಗಳ ಅಂತರ ಸುಮಾರು 21.18 ಸೆಂ.ಮೀ.⁻¹. ಅದನ್ನೇ ‘ಬಿ’ (ರೊಟೇಶನಲ್ ಸ್ಥಿರಾಂಕ) ಅಂದುಕೊಂಡಿದ್ದೀರಿ. ಶಕ್ತಿಯ ಮಟ್ಟಗಳು ಬಿ×ಜೆ(ಜೆ+1), ಇಲ್ಲಿ ಜೆ ಅಂದರೆ ಮಟ್ಟದ ಸಂಖ್ಯೆ 0, 1, 2, 3; ಅಂದರೆ 0, 2ಬಿ, 6ಬಿ, 12ಬಿ. ಅಣು ಒಂದು ಸಲಕ್ಕೆ ಒಂದೇ ಮೆಟ್ಟಿಲು ಹತ್ತುತ್ತದೆ. ಹಾಗಾಗಿ ಗೆರೆಗಳು 2ಬಿ, 4ಬಿ, 6ಬಿ ಜಾಗದಲ್ಲಿ ಬೀಳುತ್ತವೆ. ಅಂತರ 2ಬಿ, ಆದ್ದರಿಂದ ಬಿ = 10.59.

ಈಗ ಜಡತ್ವದ ಮೊಮೆಂಟ್ ಐ = ಎಚ್/(8ಪೈ²ಸಿಬಿ); ಎಚ್ ಪ್ಲಾಂಕ್ ಸ್ಥಿರಾಂಕ, ಸಿ ಬೆಳಕಿನ ವೇಗ. ಬಿ ಸೆಂ.ಮೀ.⁻¹ನಲ್ಲಿದ್ದರೆ ಬೆಳಕಿನ ವೇಗವನ್ನೂ ಸೆಂಟಿಮೀಟರ್‌ನಲ್ಲೇ ಹಾಕಿ, ಸೆಕೆಂಡಿಗೆ 3×10¹⁰ ಸೆಂ.ಮೀ. (ಪರೀಕ್ಷೆಯಲ್ಲಿ ನಾನು ಜಾಸ್ತಿ ಮಾರ್ಕ್ಸ್ ಕಳೆದುಕೊಂಡಿದ್ದು ಇಲ್ಲೇ.) ಐ 2.64×10⁻⁴⁷ ಕೆ.ಜಿ.ಮೀ² ಬರುತ್ತದೆ.

ರೆಡ್ಯೂಸ್ಡ್ ಮಾಸ್‌ಗೆ (ಎರಡು ಪರಮಾಣುಗಳ ರಾಶಿಗಳ ಗುಣಲಬ್ಧವನ್ನು ಅವುಗಳ ಮೊತ್ತದಿಂದ ಭಾಗಿಸಿದ್ದು) ಕ್ಲೋರಿನ್ ರಾಶಿಯಾಗಿ ಸುಮ್ನೆ 35.5 ಹಾಕಬೇಡಿ. ಅದು ಕ್ಲೋರಿನ್‌ನ ಐಸೊಟೋಪ್‌ಗಳ ಸರಾಸರಿ. ಈ ಗೆರೆಗಳು ಕ್ಲೋರಿನ್-35ರವು. ಆಗ ರೆಡ್ಯೂಸ್ಡ್ ಮಾಸ್ 1.63×10⁻²⁷ ಕೆ.ಜಿ. ಐ ಅನ್ನು ಇದರಿಂದ ಭಾಗಿಸಿ ವರ್ಗಮೂಲ ತೆಗೆದರೆ 1.27×10⁻¹⁰ ಮೀಟರ್.