ಓದುಗರ ಪ್ರಶ್ನೆ: ಹಳದಿ ಕ್ಯಾಸೆಟ್‌ಗಳ ಸಾಕ್ಷ್ಯಚಿತ್ರ

ಪ್ರಶ್ನೆ: ನಾವು ಮೂವರು ಗೆಳೆಯರು ಹಳೆಯ ವಿಡಿಯೋ ಗೇಮ್‌ಗಳನ್ನು ಸಂಗ್ರಹಿಸುತ್ತಿದ್ದು, ಈ ಹವ್ಯಾಸದ ಬಗ್ಗೆ ಸಾಕ್ಷ್ಯಚಿತ್ರ ಸರಣಿಯೊಂದನ್ನು ಮಾಡಬೇಕೆಂದಿದ್ದೇವೆ. ಆದರೆ ನಮ್ಮ ಬಳಿ ಇರುವುದೆಲ್ಲ ನಕಲಿ ಯಂತ್ರಗಳು ಮತ್ತು ಅವುಗಳಿಗೆ ಸಿಕ್ಕಿಸಿ ಆಡುವ ಹಳದಿ ಕ್ಯಾಸೆಟ್‌ಗಳು. ಅಸಲಿ ಸರಕಿಲ್ಲದ ಸರಣಿಯನ್ನು ಯಾರು ನೋಡುತ್ತಾರೆ?
- ಓದುಗರೊಬ್ಬರು, ನವನಗರ, ಬಾಗಲಕೋಟೆ

ಉತ್ತರ: ನಕಲಿ ಎಂಬ ಮಾತಿಗೆ ದಯವಿಟ್ಟು ಹಿಂಜರಿಯಬೇಡಿ. ನಿಂಟೆಂಡೊ ಕಂಪನಿಯು 1983ರ ಜುಲೈ 15ರಂದು ಜಪಾನಿನಲ್ಲಿ ಫ್ಯಾಮಿಕಾಮ್ ಎಂಬ ವಿಡಿಯೋ ಗೇಮ್ ಯಂತ್ರವನ್ನು ಬಿಡುಗಡೆ ಮಾಡಿತು. ಅದರ ತದ್ರೂಪುಗಳೇ 1990ರ ದಶಕದಲ್ಲಿ ಲಿಟಲ್ ಮಾಸ್ಟರ್, ಟರ್ಮಿನೇಟರ್ ಮುಂತಾದ ಹೆಸರುಗಳಿಂದ ನಮ್ಮ ಅಂಗಡಿಗಳಿಗೆ ಬಂದವು. ನಮ್ಮ ಕಡೆಯ ಮಕ್ಕಳು ಮಾರಿಯೋ ಮತ್ತು ಕಾಂಟ್ರಾ ಆಟಗಳನ್ನು ಕಂಡದ್ದು ಹೆಚ್ಚಾಗಿ ಇವುಗಳಲ್ಲಿಯೇ ಆದ್ದರಿಂದ, ಈ ನೆಲದ ಮಟ್ಟಿಗೆ ಇವೇ ಮೂಲ ದಾಖಲೆಗಳು.

ಕ್ಯಾಸೆಟ್‌ನ ಅಂಚನ್ನು ಕ್ಯಾಮೆರಾ ಮುಂದೆ ಹಿಡಿದು ಪಿನ್‌ಗಳನ್ನು ಎಣಿಸಿ ತೋರಿಸಿ. ಫ್ಯಾಮಿಕಾಮ್ ಕ್ಯಾಸೆಟ್‌ಗೆ 60 ಪಿನ್‌ಗಳಿದ್ದರೆ ಅದೇ ಯಂತ್ರದ ಅಮೆರಿಕನ್ ರೂಪವಾದ ಎನ್‌ಇಎಸ್‌ನ ಕ್ಯಾಸೆಟ್‌ಗೆ 72 ಇದ್ದವು. ನಿಮ್ಮ ಹಳದಿ ಕ್ಯಾಸೆಟ್ ಯಾವ ವಂಶದ್ದೆಂದು ಆ ಎಣಿಕೆಯೇ ಹೇಳುತ್ತದೆ. ಆಮೇಲೆ ಹೊದಿಕೆ ಬಿಚ್ಚಿ. ಅಸಲಿ ಕ್ಯಾಸೆಟ್‌ನಲ್ಲಿ ಕಾಲುಗಳುಳ್ಳ ಚಿಪ್ ಕಾಣುವ ಜಾಗದಲ್ಲಿ, ಅಗ್ಗದ ಪ್ರತಿಗಳಲ್ಲಿ ಬಹಳ ಸಲ ಕಪ್ಪು ಅಂಟಿನ ಒಂದು ಬೊಟ್ಟು ಮಾತ್ರ ಇರುತ್ತದೆ. ಮೇಲಿನ ಚೀಟಿಯಲ್ಲಿ 9999 ಆಟಗಳೆಂದು ಬರೆದಿದ್ದರೂ ಒಳಗಿರುವುದು ಕೆಲವೇ ಆಟಗಳು, ಉಳಿದವು ಅವೇ ಆಟಗಳು ಬೇರೆ ಹಂತದಿಂದ ಆರಂಭವಾಗುವ ರೂಪಗಳು. ಆ ಪಟ್ಟಿಯನ್ನು ಅವಸರಿಸದೆ ಪೂರ್ತಿ ಚಿತ್ರೀಕರಿಸಿ. ಬಾಲ್ಯದಲ್ಲಿ ನಾವು ನಂಬಿದ್ದ ಸಂಖ್ಯೆ ಪರದೆಯ ಮೇಲೆ ಕರಗುವುದನ್ನು ನೋಡುಗರು ಮರೆಯುವುದಿಲ್ಲ.

ಬೆಲೆಯ ವಿಷಯಕ್ಕೆ ಒಂದು ನಿಮಿಷ ಸಾಕು. 2021ರ ಜುಲೈನಲ್ಲಿ ಸೂಪರ್ ಮಾರಿಯೋ 64 ಆಟದ, ಮೊಹರು ಒಡೆಯದ ಒಂದು ಪ್ರತಿ ಅಮೆರಿಕದ ಹರಾಜಿನಲ್ಲಿ 15.6 ಲಕ್ಷ ಡಾಲರಿಗೆ ಹೋಯಿತು. ಯಾರೂ ಆಡದ ಆ ಪೆಟ್ಟಿಗೆಗಿಂತ, 2023ರಲ್ಲಿ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ ಪ್ರಕಟಿಸಿದ ಅಧ್ಯಯನ ನಿಮಗೆ ಹೆಚ್ಚು ಉಪಯುಕ್ತ. ಅಮೆರಿಕದಲ್ಲಿ 2010ಕ್ಕೆ ಮೊದಲು ಬಿಡುಗಡೆಯಾದ ಆಟಗಳಲ್ಲಿ ಶೇಕಡಾ 87ರಷ್ಟು ಆಗ ಮಾರುಕಟ್ಟೆಯಲ್ಲಿ ಸಿಗುತ್ತಿರಲಿಲ್ಲವೆಂದು ಅದು ಕಂಡುಕೊಂಡಿತು. ಕಂಪನಿಗಳೇ ದೊಡ್ಡದಾಗಿ ನಿಂತಿರುವ ದೇಶದ ಸ್ಥಿತಿ ಇದಾದರೆ, ಲೆಕ್ಕವೇ ಇಡದ ನಮ್ಮ ಕ್ಯಾಸೆಟ್‌ಗಳು ಸಂಗ್ರಾಹಕರ ಕಪಾಟಿನಲ್ಲಿ ಮಾತ್ರ ಉಳಿಯಬಲ್ಲವು.

ಇನ್ನು, ನೀವು ಬಾಗಲಕೋಟೆಯವರಾಗಿರುವುದೇ ನಿಮ್ಮ ಬಲ. ಆಲಮಟ್ಟಿಯ ಹಿನ್ನೀರಿನಿಂದಾಗಿ ಹಳೆಯ ಊರು ಬಿಟ್ಟು ನವನಗರಕ್ಕೆ ಬಂದ ಮನೆಗಳಲ್ಲಿ, ಗಂಟುಮೂಟೆ ಕಟ್ಟುವಾಗ ಮಕ್ಕಳ ಆಟದ ಡಬ್ಬಿಯನ್ನು ಯಾರು ಜೊತೆಗೆ ತಂದರು, ಯಾರು ಅಲ್ಲಿಯೇ ಬಿಟ್ಟರು ಎಂದು ವಿಚಾರಿಸಿ. ತಾಸಿಗಿಷ್ಟು ಎಂದು ಬಾಡಿಗೆ ಪಡೆದು ಆಟ ಆಡಿಸುತ್ತಿದ್ದ ಅಂಗಡಿಯವರನ್ನೂ, ತುಂಡಾದ ಜಾಯ್‌ಸ್ಟಿಕ್ ವೈರಿಗೆ ಬೆಸುಗೆ ಹಾಕುತ್ತಿದ್ದ ರೇಡಿಯೋ ರಿಪೇರಿಯವರನ್ನೂ ಹುಡುಕಿ. ಅವರಿಗೆ ವಯಸ್ಸಾಗುತ್ತಿದೆ. ಯಂತ್ರಗಳ ಚಿತ್ರೀಕರಣವನ್ನು ಮುಂದಿನ ವರ್ಷವೂ ಮಾಡಬಹುದು, ಈ ಮಾತುಗಳನ್ನು ಮಾತ್ರ ಮೊದಲು ಧ್ವನಿಮುದ್ರಿಸಿಕೊಳ್ಳಿ.

ಪ್ರಶ್ನೆ: ಬಾತುಕೋಳಿ ಹೊಡೆಯುವ ಆಟದ ಬಂದೂಕು ನಮ್ಮ ಹೊಸ ಟಿವಿಯಲ್ಲಿ ಕೆಲಸ ಮಾಡುವುದಿಲ್ಲ. ಕೆಟ್ಟಿದೆಯೇ?
- ಓದುಗರೊಬ್ಬರು, ವಿಜಯಪುರ

ಉತ್ತರ: ಬಂದೂಕು ಬಹುಶಃ ಸರಿಯಾಗಿಯೇ ಇದೆ, ದೋಷವಿರುವುದು ಜೋಡಿಯಲ್ಲಿ. ಬಂದೂಕಿನ ಕುದುರೆ (ಟ್ರಿಗರ್) ಒತ್ತಿದೊಡನೆ ಪರದೆ ಕ್ಷಣಕಾಲ ಕಪ್ಪಾಗಿ, ಬಾತುಕೋಳಿ ಇದ್ದ ಜಾಗದಲ್ಲಿ ಬಿಳಿ ಚೌಕವೊಂದು ಮೂಡುತ್ತದೆ. ಬಂದೂಕಿನ ನಳಿಗೆಯೊಳಗಿನ ಬೆಳಕಿನ ಸಂವೇದಕ ಆ ಚೌಕವನ್ನು ನಿಗದಿತ ಕ್ಷಣದಲ್ಲೇ ಕಂಡರೆ ಗುರಿ ತಾಗಿದಂತೆ. ಹೊಸ ಟಿವಿ ಚಿತ್ರವನ್ನು ತುಸು ತಡವಾಗಿ ತೋರಿಸುವುದರಿಂದ ಆ ಕ್ಷಣ ತಪ್ಪಿಹೋಗುತ್ತದೆ. ಆದ್ದರಿಂದ ಡಬ್ಬಿಯಂತಹ ಹಳೆಯ ಟಿವಿಯನ್ನು ಗುಜರಿಗೆ ಹಾಕಬೇಡಿ. ಅದರ ಪರದೆಯನ್ನು ಚಿತ್ರೀಕರಿಸುವವರು ಕ್ಯಾಮೆರಾದ ಶಟರ್ ವೇಗವನ್ನು ಸೆಕೆಂಡಿನ 1/50 ಭಾಗಕ್ಕೆ ಇಟ್ಟುಕೊಂಡರೆ ಕಪ್ಪು ಪಟ್ಟಿಗಳು ಓಡುವ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ, ಏಕೆಂದರೆ ಪಾಲ್ ಎಂಬ ಪ್ರಸಾರ ಪದ್ಧತಿಯ ನಮ್ಮ ಹಳೆಯ ಟಿವಿಗಳು ಸೆಕೆಂಡಿಗೆ 50 ಬಾರಿ ಪರದೆಯ ಮೇಲೆ ಚಿತ್ರವನ್ನು ಮೂಡಿಸುತ್ತವೆ.

ಪ್ರಶ್ನೆ: ಬಾಯಿಂದ ಊದದಿದ್ದರೆ ಕ್ಯಾಸೆಟ್ ಆರಂಭವಾಗುವುದಿಲ್ಲ. ಊದುವುದು ಸರಿಯೇ?
- ಓದುಗರೊಬ್ಬರು, ಜಮಖಂಡಿ

ಉತ್ತರ: ಬೇಡ. ಉಸಿರಿನ ತೇವ ತಾಮ್ರದ ಪಿನ್‌ಗಳಿಗೆ ಕಿಲುಬು ಹಿಡಿಸುತ್ತದೆ. ಊದಿದಾಗ ಆರಂಭವಾಗುವುದು ಹೆಚ್ಚಾಗಿ ತೆಗೆದು ಮತ್ತೆ ಸಿಕ್ಕಿಸಿದ್ದರಿಂದ. ಹತ್ತಿ ಸುತ್ತಿದ ಕಡ್ಡಿಯನ್ನು ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿ ಪಿನ್‌ಗಳನ್ನು ಒರೆಸಿ, ಪೂರ್ತಿ ಒಣಗಿದ ಮೇಲೆಯೇ ಯಂತ್ರಕ್ಕೆ ಹಾಕಿ. ಆಟದ ಪ್ರಗತಿಯನ್ನು ಉಳಿಸುವ ಕ್ಯಾಸೆಟ್ ನಿಮ್ಮಲ್ಲಿದ್ದರೆ ಅದರೊಳಗೆ ಗುಂಡಿಯಾಕಾರದ ಬ್ಯಾಟರಿ ಇರುವ ಸಂಭವವಿದೆ. ಆ ಬ್ಯಾಟರಿಯನ್ನು ಬಿಚ್ಚಿದ ಕೂಡಲೇ ಉಳಿಸಿಟ್ಟ ಪ್ರಗತಿ ಅಳಿಸಿಹೋಗುವುದರಿಂದ, ಬ್ಯಾಟರಿ ಬದಲಿಸುವ ಮೊದಲು ಅಣ್ಣನೋ ತಂಗಿಯೋ ಬರೆದಿಟ್ಟ ಹೆಸರು ಮತ್ತು ಅಂಕಗಳ ಚಿತ್ರವನ್ನು ಪರದೆಯಿಂದ ತೆಗೆದುಕೊಳ್ಳಿ.